ಹನ್ನೊಂದು ದಿನ ಹಾರಿಸಿದ ವರ್ಷ

ಅಪ್ಪನ ಶ್ರಾದ್ಧದ ತಿಥಿ ಆ ಸಲ ಶುಕ್ರವಾರ ಬಿದ್ದಿತ್ತು. ಬ್ಯಾಂಕಿನಲ್ಲಿ ರಜೆ ಕೇಳುವುದೆಂದರೆ ನನಗೆ ಆಗದು. ಭಾನುವಾರವೇ ಮಾಡೋಣವೆಂದು ವಾರವಿಡೀ ಅಮ್ಮನ ತಲೆ ತಿಂದಿದ್ದೆ. ಅಷ್ಟರಲ್ಲಿ ಬೆಹಾಲಾ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಇತಿಹಾಸ ಓದುತ್ತಿದ್ದ ಮಗಳು ಕೂಗಿದಳು:

“ಅಪ್ಪಾ, 1752ರಲ್ಲಿ ಇಂಗ್ಲೆಂಡಲ್ಲಿ ಸೆಪ್ಟೆಂಬರ್ ಎರಡರ ಮರುದಿನವೇ ಹದಿನಾಲ್ಕು! ಕ್ಯಾಲೆಂಡರ್ ಸರಿಮಾಡ್ಲಿಕ್ಕೆ ಹನ್ನೊಂದು ದಿನ ಕ್ಯಾನ್ಸಲ್!”

ನಾನು ಕುಣಿದೇಬಿಟ್ಟೆ.

“ಕೇಳಿದ್ಯಾ ಅಮ್ಮ? ಇಡೀ ದೇಶವೇ ಹನ್ನೊಂದು ದಿನ ಹಾರಿಸಿದೆ! ನಾವು ಎರಡೇ ದಿನ ಮುಂದೆ ಹಾಕಿದ್ರೆ ಏನಾಗ್ತದೆ?”

ಅಮ್ಮ ಪಂಚಾಂಗದಿಂದ ತಲೆ ಎತ್ತಲಿಲ್ಲ.

“ಚಂದ್ರನೂ ಹಾರಿದ್ನಂತಾ?”

ಮಗಳು ಬಿದ್ದು ಬಿದ್ದು ನಕ್ಕಳು. ನಾನು ಫೋನ್ ತೆಗೆದು ಶುಕ್ರವಾರಕ್ಕೆ ರಜೆ ಹಾಕಿದೆ.