ಹೊರೆ ಬೇರೆ, ನಡಿಗೆ ಬೇರೆ

ನಮ್ಮ ಡ್ರಿಲ್ ಟೀಚರಮ್ಮನ ಕೊರಳಲ್ಲಿ ತಾಳಿಯ ಪಕ್ಕದಲ್ಲೇ ಕಪ್ಪು ದಾರಕ್ಕೆ ಕಟ್ಟಿದ ಹಿತ್ತಾಳೆಯ ಸೀಟಿಯೊಂದು ತೂಗುತ್ತಿತ್ತು. ಬಸುರು ತುಂಬುತ್ತ ಬಂದಂತೆ ಅದು ತೂಗುವುದನ್ನು ಬಿಟ್ಟು, ಬಾವಿಕಟ್ಟೆಯ ಮೇಲೆ ಕೂತ ಗುಬ್ಬಿಯ ಹಾಗೆ ಹೊಟ್ಟೆಯ ಮೇಲೆ ಕೂತುಬಿಟ್ಟಿತು. ಅವರು ಅದನ್ನೆತ್ತಿ ಊದಿದರೆ ಮಂಡ್ಯದ ನಮ್ಮ ಹೆಣ್ಣುಮಕ್ಕಳ ಶಾಲೆಯ ಅಂಗಳದಲ್ಲಿ ನಾವೆಲ್ಲ ಸಾಲಾಗಿ ನಿಲ್ಲುತ್ತಿದ್ದೆವು. ಬೇಲಿಯಾಚೆ ಹೋಗುವ ಗಂಡಸರೂ ನಿಲ್ಲುತ್ತಿದ್ದರು. ಬಸುರಿಯೊಬ್ಬಳು ಡ್ರಿಲ್ ಹೇಳಿಕೊಡುವುದನ್ನು ಅವರು ಅದುವರೆಗೆ ಕಂಡಿರಲಿಲ್ಲ.

ಟೀಚರಮ್ಮ ಮಳವಳ್ಳಿ ಕಡೆಯವರು. ಅವರ ವಿಚಾರವಾಗಿ ಮಂಡ್ಯದಲ್ಲಿ ಈಗಲೂ ಒಂದು ಕತೆ ಓಡಾಡುತ್ತಿದೆ: ಅವರು ಒಂಬತ್ತು ತಿಂಗಳೂ ಬ್ಯಾಡ್ಮಿಂಟನ್ ಆಡಿದರಂತೆ, ಬ್ಯಾಟು ಹಿಡಿದ ಕೈಯಲ್ಲೇ ಮಗುವನ್ನು ಹಿಡಿದರಂತೆ. ಕೇಳಲು ಸೊಗಸಾದ ಕತೆ. ಆದರೆ ಸೊಗಸಾದ ಕತೆಗಳನ್ನು ನಾನು ಸುಲಭವಾಗಿ ಒಪ್ಪುವವಳಲ್ಲ. ಅದರಲ್ಲೂ ಇದನ್ನು ಒಪ್ಪಲಾರೆ, ಏಕೆಂದರೆ ನಾನು ಆ ಅಂಗಳದಲ್ಲಿದ್ದೆ. ಅವರು ಬಸುರಿಯಾದದ್ದು ತಿಳಿದ ಮೇಲೆ ನೆಗೆದು ಹೊಡೆಯುವುದನ್ನು ಬಿಟ್ಟರು. ಹೊಟ್ಟೆ ಕಾಣಿಸಿಕೊಂಡ ಮೇಲೆ ಬ್ಯಾಟನ್ನೇ ನಮ್ಮ ಕೈಗೆ ಕೊಟ್ಟರು. ಆದರೆ ಅಂಗಳದ ಸುತ್ತ ನಡೆಯುವುದನ್ನು, ತೋಳು ಬೀಸುವುದನ್ನು, ನಮ್ಮೊಡನೆ ಬಗ್ಗಿ ಏಳುವುದನ್ನು ಬಿಡಲಿಲ್ಲ. ಒಂದು ದಿನ ಬಿಸಿಲಿಗೆ ತಲೆ ಸುತ್ತಿದಂತಾಯಿತು. ಕೂಡಲೇ ಹೊಂಗೆಯ ನೆರಳಲ್ಲಿ ಕೂತು, ಗಾಬರಿಯಾದ ನಮ್ಮ ಕಡೆ ನೋಡಿ ನಕ್ಕರು.

"ಮೈ ನಿಲ್ಲು ಅಂದಾಗ ನಿಲ್ಲದವಳು ಆಟಗಾರ್ತಿಯಲ್ಲ ಕಣ್ರೇ, ಕತ್ತೆ. ಹೋಗಿ ನೀರು ತನ್ನಿ."

ಮಗು ಹುಟ್ಟಿದ್ದು ಬೇಸಗೆಯ ರಜೆಯಲ್ಲಿ, ಅವರ ತವರಿನಲ್ಲಿ, ಚಾಪೆಯ ಮೇಲೆ. ಎಲ್ಲರ ಮಕ್ಕಳೂ ಹುಟ್ಟುವ ಹಾಗೆಯೇ.

ನನ್ನ ಓದು ಆ ಶಾಲೆಗೇ ನಿಂತಿತು. ಮುಂದೆ ಓದಿದ್ದೆಲ್ಲ ನಾನಾಗಿ ಓದಿದ್ದು. ಮದುವೆಯಾಗಿ ಮದ್ದೂರಿನ ಆಚೆ ಆತಗೂರಿಗೆ ಹೋದೆ. ಮೊದಲ ಸಲ ತಿಂಗಳು ನಿಂತಿದೆಯೆಂದು ನನಗೇ ಸರಿಯಾಗಿ ತಿಳಿಯದಿದ್ದ ದಿನಗಳಲ್ಲಿ ನಾದಿನಿಯರ ಜೊತೆ ಹಿತ್ತಿಲಲ್ಲಿ ಕುಂಟೆಬಿಲ್ಲೆ ಆಡಿದ್ದೆ. ಆ ವಾರವೇ ಬಸುರು ಇಳಿದುಹೋಯಿತು. ಕಾರಣ ಹುಡುಕಲು ಯಾರೂ ದೂರ ಹೋಗಬೇಕಾಗಲಿಲ್ಲ. ಹಿತ್ತಿಲಲ್ಲಿ ಎಳೆದ ಗೆರೆಗಳು ಇನ್ನೂ ಅಳಿಸಿರಲಿಲ್ಲ.

"ಕುಂಟ್ತಾ ಕುಂಟ್ತಾ ಕೂಸ ಉದುರಿಸ್ಕಂಡ್ಳು," ಎಂದರು ನಮ್ಮತ್ತೆ. ಊರು ಆ ಮಾತನ್ನು ಎತ್ತಿಕೊಂಡಿತು. ನಾನೂ ನಂಬಿದೆ.

ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ವರ್ಷ ಮತ್ತೆ ಬಸುರಿಯಾದೆ. ಮಂಡ್ಯದ ಆಸ್ಪತ್ರೆ ಹತ್ತಿರವಿರಲೆಂದು ನನ್ನನ್ನು ಮೊದಲೇ ಗುತ್ತಲಿನ ತವರುಮನೆಗೆ ತಂದು ಬಿಟ್ಟರು. ತಾಯಿಯಿಲ್ಲದ ಮನೆಯಾದ್ದರಿಂದ ಅತ್ತೆಯೂ ಜೊತೆಗೇ ಬಂದು ತಂಗಿದರು. ಸೊಸೆಯ ತವರಿನಲ್ಲಿ ಅತ್ತೆ ಬಂದು ಕೂರುವುದು ಎಲ್ಲೂ ಇಲ್ಲದ ಸಂಗತಿ. ನೆರೆಯವರು ನಮ್ಮಪ್ಪನನ್ನು, "ಏನಪ್ಪಾ ಗೌಡ, ಮಗಳ ಜೊತೇಲಿ ಬೀಗಿತಿನೂ ಬಾಣಂತನಕ್ಕೆ ಕರ್ಕಬಂದಾ?" ಎಂದು ಛೇಡಿಸುತ್ತಿದ್ದರು.

ಅತ್ತೆಯ ಕಾವಲು ಕಟ್ಟುನಿಟ್ಟಾಗಿತ್ತು. ನಡುಮನೆಯ ಚಾಪೆಯಿಂದ ನಾನು ಏಳುವಂತಿರಲಿಲ್ಲ. "ಮನೀಕಳವ್ವ, ಸುಮ್ಕೆ ಮನೀಕ. ಈ ಸತಿನೂ ಕೂಸು ಓಯ್ತು ಅಂದ್ರೆ ನನ್ ಮಗನ್ಗೆ ಬಂಡೂರಿಂದ ಎಣ್ಣು ತಕ್ಕಬತ್ತೀನಿ. ಆಮೇಲೆ ನನ್ನ ಅನ್ನಬ್ಯಾಡ." ಅದು ಬರಿಯ ಬೆದರಿಕೆಯಾಗಿರಲಿಲ್ಲ, ಬಂಡೂರಿನ ನಂಟರಿಗೆ ಮಾತು ಆಗಲೇ ಮುಟ್ಟಿತ್ತು. ಒಬ್ಬನಿಗೆ ಇಬ್ಬರು ಹೆಂಡಿರಾಗುವುದು ಆಗ ಯಾರೂ ಹುಬ್ಬೇರಿಸುವ ವಿಷಯವಲ್ಲ. ನನ್ನ ಗಂಡ ಒಳ್ಳೆಯವರು, ಆದರೆ ತಾಯಿಯ ಮಾತಿಗೆ ಎದುರಾಡಿದವರಲ್ಲ. ನಾನು ಸೂರಿನ ತೊಲೆಗಳನ್ನು ನೋಡುತ್ತ ಬಿದ್ದುಕೊಂಡೆ. ಕಾಲು ಊದಿತು, ಅನ್ನ ಸೇರದಾಯಿತು. ಕೆಮ್ಮು ಬಂದರೆ ಕೆಮ್ಮಲೂ ಹೆದರಿಕೆ.

ಸುದ್ದಿ ಹೇಗೋ ಟೀಚರಮ್ಮನಿಗೆ ಮುಟ್ಟಿ, ಒಂದು ಭಾನುವಾರ ಬಂದರು. ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನೇ ಇದು? ಜ್ವರವಾ?"

"ಜರ ಗಿರ ಏನಿಲ್ಲ, ಬಸ್ರಿ ಕಣವ್ವ," ಎಂದು ಅತ್ತೆಯೇ ಉತ್ತರ ಕೊಟ್ಟರು. "ಮೊದಲ್ನೇದ ನೆಗೆದಾಡಿ ಕಳ್ಕಂಡವ್ಳೆ. ನೀವೇ ಅಲ್ವ ಇಸ್ಕೂಲ್ನಾಗೆ ಕುಣ್ಯದ ಕಲ್ಸಿದ್ದು?"

ಟೀಚರಮ್ಮ ಸಿಟ್ಟಾಗಲಿಲ್ಲ. ಅತ್ತೆಯ ಪಕ್ಕದಲ್ಲೇ ನೆಲದ ಮೇಲೆ ಕೂತರು. "ಕಲಿಸಿದ್ದು ನಾನೇ. ಆದರೆ ಇವಳು ಮಲಗಬೇಕೋ ಏಳಬೇಕೋ ಅನ್ನೋದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಾನು ಡಾಕ್ಟರಲ್ಲ. ಗೊತ್ತಿರೋರನ್ನ ಕೇಳೋಣ. ನೀವೂ ಬನ್ನಿ, ಇಲ್ಲದಿದ್ದರೆ ನಾನು ಸುಳ್ಳು ಹೇಳ್ತೀನಿ ಅಂತೀರಿ."

"ಅಂತೀನಿ," ಎಂದರು ಅತ್ತೆ, ಮತ್ತು ಹೊರಟರು.

ಆಸ್ಪತ್ರೆಯ ಲೇಡಿ ಡಾಕ್ಟರು ಸಾವಧಾನವಾಗಿ ಪರೀಕ್ಷೆ ಮಾಡಿದರು. ರಕ್ತ ಕಂಡಿತ್ತೇ, ನೋವಿದೆಯೇ, ತಲೆ ಸುತ್ತುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ, ಬೆಳಗ್ಗೆ ತಂಪು ಹೊತ್ತಿನಲ್ಲಿ ನಡೆಯಲಿ, ಮನೆಯ ಹಗುರ ಕೆಲಸ ಮಾಡಲಿ, ನೆಗೆಯುವುದು ಬೇಡ, ಬೀಳುವಂಥ ಕಡೆ ಹೋಗುವುದು ಬೇಡ, ಭಾರ ಎತ್ತುವುದು ಬೇಡ ಎಂದರು. ನಾನು ಧೈರ್ಯ ಮಾಡಿ ಕುಂಟೆಬಿಲ್ಲೆಯ ವಿಷಯ ಕೇಳಿದೆ.

"ಅಷ್ಟು ಎಳೆಯ ಬಸಿರು ಆಟದಿಂದ ಹೋಗೋದಿಲ್ಲಮ್ಮ. ಯಾಕೆ ಹೋಯಿತು ಅಂದರೆ, ನನಗೂ ಗೊತ್ತಿಲ್ಲ."

ದೊಡ್ಡ ಓದು ಓದಿದವರೊಬ್ಬರು ಗೊತ್ತಿಲ್ಲವೆಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಗೊತ್ತಿಲ್ಲವೆಂಬ ಮಾತಿನಲ್ಲಿ ನನಗೊಂದು ಬಿಡುಗಡೆಯಿತ್ತು. ಹೊರಗೆ ಬಂದಾಗ ಟೀಚರಮ್ಮ ನನ್ನ ಕಿವಿಯ ಬಳಿ, "ಕೇಳಿದೆಯಾ? ನೀನು ಯಾರನ್ನೂ ಕೊಂದಿಲ್ಲ," ಎಂದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಮರುದಿನದಿಂದ ನಡಿಗೆ ಶುರುವಾಯಿತು. ಟೀಚರಮ್ಮ ಶಾಲೆಗೆ ಹೋಗುವ ಮುನ್ನ ಬಂದು ನನ್ನನ್ನು ಎಬ್ಬಿಸುತ್ತಿದ್ದರು. ನಾಲೆಯ ಏರಿಯ ಮೇಲೆ, ಕಬ್ಬಿನ ಗದ್ದೆಗಳ ಪಕ್ಕ, ಮಾತಾಡುತ್ತ ನಡೆಯುತ್ತಿದ್ದೆವು. ಮಾತಾಡಲು ಉಸಿರು ಸಾಲದಷ್ಟು ಜೋರಾಗಿ ನಡೆಯಬಾರದು ಎಂಬುದು ಅವರ ನಿಯಮ. ಹಿಂದೆ ಅತ್ತೆ, ಕೈಯಲ್ಲಿ ನೀರಿನ ಚೊಂಬು, ದೃಷ್ಟಿಯಾಗದಿರಲೆಂದು ಸೆರಗಿನಲ್ಲಿ ಉಪ್ಪು ಮೆಣಸಿನಕಾಯಿ. "ಬಸ್ರೀನ ಮೆರವಣಿಗೆ ಮಾಡ್ತಾವ್ಳೆ ಪುಣ್ಯಾತ್‌ಗಿತ್ತಿ," ಎಂದು ಗೊಣಗುತ್ತಲೇ ಬರುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ.

ಒಂದು ಬೆಳಗ್ಗೆ ತೂಬಿನ ಕಲ್ಲಿನ ಮೇಲೆ ದಣಿವಾರಿಸಿಕೊಳ್ಳುತ್ತಿದ್ದೆವು. ನಮ್ಮ ಕಡೆ ಎಲ್ಲರೂ ಹೇಳುವ ಮಾತನ್ನೇ ನಾನೂ ಹೇಳಿದೆ: "ಹಿಂದಿನ ಕಾಲದ ಹೆಂಗಸರು ಹೆರುವ ದಿನದವರೆಗೂ ನಾಟಿ ಹಾಕಿ, ಗದ್ದೆಯ ಬದುವಿನಲ್ಲೇ ಹೆತ್ತು, ಕೂಸನ್ನು ಮಂಕರಿಯಲ್ಲಿಟ್ಟುಕೊಂಡು ಮನೆಗೆ ಬರುತ್ತಿದ್ದರಂತೆ. ಅಂಥ ಗಟ್ಟಿ ಜೀವಗಳು ಈಗೆಲ್ಲಿ?"

ಅತ್ತೆ ಚೊಂಬನ್ನು ಕೆಳಗಿಟ್ಟರು.

"ಯಾವಳವ್ವ ಅಂಗಂದೋಳು? ಬದೀನ್ಮ್ಯಾಗೆ ಹೆತ್ತೋಳು ನಾನೇ. ಕಬ್ಬಿನ್ ಹೊರೆ ತಲೆ ಮ್ಯಾಗಿತ್ತು. ಇಳಿಸ್ಕಳೋಕೆ ಒಬ್ರೂ ಇರ್ನಿಲ್ಲ. ಆ ಕೂಸು ಅಳ್ನೇ ಇಲ್ಲ. ಅದರ ಹಿಂದ್ಲದೂ ಅಂಗೇ ಓಯ್ತು. ಮಂಕ್ರೀಲಿ ತಂದಿದ್ದು ನಿಜ ಕಣವ್ವ. ಜೀವಂತ ಇರ್ನಿಲ್ಲ, ಅಷ್ಟೇಯ."

ಊರು ಹೇಳುವ ಗಟ್ಟಿಗಿತ್ತಿಯರ ಕತೆಯಲ್ಲಿ ಬದುಕಿದ ಮಕ್ಕಳು ಮಾತ್ರ ಇರುತ್ತಾರೆ. ಉಳಿದವರು ಕತೆಯೊಳಕ್ಕೇ ಬರುವುದಿಲ್ಲ. ಕೇಳಿದ ಚರಿತ್ರೆಯನ್ನು ನಾನು ಕೇಳಿದಂತೆಯೇ ನಂಬದಿರುವುದನ್ನು ಕಲಿತದ್ದು ಆ ತೂಬಿನ ಕಲ್ಲಿನ ಮೇಲೆ. ಅತ್ತೆ ನನ್ನನ್ನು ಚಾಪೆಗೆ ಏಕೆ ಕಟ್ಟಿಹಾಕಿದ್ದರೆಂಬುದೂ ಆಗಲೇ ಅರ್ಥವಾಯಿತು.

ಟೀಚರಮ್ಮ ಅತ್ತೆಯ ಕೈ ಹಿಡಿದುಕೊಂಡರು. "ನಿಮ್ಮ ಹೆದರಿಕೆ ಸುಳ್ಳಲ್ಲ ಅಜ್ಜಿ. ಆದರೆ ಹೊರೆ ಬೇರೆ, ನಡಿಗೆ ಬೇರೆ. ನಿಮಗೆ ಹೊರೆ ಇಳಿಸಬೇಕಾಗಿತ್ತು. ಇವಳಿಗೆ ಇಳಿಸೋಕೆ ಹೊರೆಯೇ ಇಲ್ಲ, ಹೆದರಿಕೆ ಬಿಟ್ಟರೆ."

ಇಷ್ಟಾಗಿಯೂ ಎಲ್ಲ ನೆಟ್ಟಗೆ ನಡೆಯಲಿಲ್ಲ. ಎಂಟು ತುಂಬುವ ಹೊತ್ತಿಗೆ ಒಂದು ದಿನ ಏರಿಯ ಮೇಲೆ ಹೊಟ್ಟೆ ಕಲ್ಲಿನಂತೆ ಬಿಗಿದು ನೋವು ಬಂತು. ಅತ್ತೆ ಬಾಯಿ ಬಾಯಿ ಬಡಿದುಕೊಂಡರು. ಟೀಚರಮ್ಮ ನನ್ನನ್ನು ಅಲ್ಲೇ ಕೂರಿಸಿ, ಕಬ್ಬಿನ ಗಾಡಿಯೊಂದನ್ನು ತಡೆದು, ಹುಲ್ಲು ಹಾಸಿ, ಆಸ್ಪತ್ರೆಗೆ ಸಾಗಿಸಿದರು. ದಾರಿಯುದ್ದಕ್ಕೂ ಅತ್ತೆ ಬಂಡೂರಿನ ಹೆಣ್ಣಿನ ಹೆಸರೆತ್ತಿ ಅಳುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡು ಹೊಟ್ಟೆಯೊಳಗಿನ ಮಿಸುಕಾಟಕ್ಕೆ ಕಾಯುತ್ತಿದ್ದೆ. ಟೀಚರಮ್ಮ ಒಂದೇ ಮಾತು ಹೇಳಿದರು: "ಏನಾದರೂ ಆದರೆ ನನ್ನ ಬೈಯಿರಿ ಅಜ್ಜಿ. ಅವಳನ್ನ ಬೈಬೇಡಿ. ಎಬ್ಬಿಸಿದ್ದು ನಾನು."

ಲೇಡಿ ಡಾಕ್ಟರು ಕಿವಿಯಿಟ್ಟು ಕೇಳಿ, ಮಗು ಚೆನ್ನಾಗಿದೆ, ಕೆಲವು ದಿನ ಮಲಗಿರಲಿ ಎಂದರು. ಈ ಸಲ ಮಲಗಿಸಿದವರು ಟೀಚರಮ್ಮನೇ. ನಾನು ಏಳಲು ಹೋದರೆ, "ಹೇಳಿದಷ್ಟು ದಿನ ಮಲಗು. ನಡಿಗೆಯೇನು ವ್ರತವಲ್ಲ, ಭಂಗ ಆಗೋಕೆ," ಎಂದು ಗದರಿಸಿದರು. ನೋವು ಮತ್ತೆ ಬರಲಿಲ್ಲ. ಡಾಕ್ಟರು ಒಪ್ಪಿದ ಮೇಲೆ ಅಂಗಳದಲ್ಲಷ್ಟೇ ನಿಧಾನವಾಗಿ ನಡೆದೆ.

ತಿಂಗಳು ತುಂಬಿ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು, ಹುಟ್ಟುತ್ತಲೇ ಕಿರುಚಿತು. ಗಂಡಾಗಲಿಲ್ಲವೆಂದು ಯಾರೋ ತುಟಿ ಕೊಂಕಿಸಿದರೆ ಅತ್ತೆ, "ಎಣ್ಣಾದ್ರೇನು? ಅಳ್ತಾ ಅದಲ್ಲ, ಸಾಕು ಬುಡು," ಎಂದು ಅವರ ಬಾಯಿ ಮುಚ್ಚಿಸಿದರು. ಟೀಚರಮ್ಮ ನೋಡಲು ಬಂದಾಗ ಕೂಸನ್ನು ಅವರ ಮಡಿಲಿಗೆ ಹಾಕಿ, "ಬಯ್ಯಕ್ಕೆ ಅಂತ ಬಾಯ್ ತುಂಬ ಕೂಡಾಕ್ಕಂಡಿದ್ದೆ ಕಣವ್ವ. ಅವಕಾಸನೇ ಕೊಡ್ನಿಲ್ಲ ನೀನು," ಎಂದರು. ಇಬ್ಬರೂ ನಕ್ಕರು. ಬಂಡೂರಿನ ಮಾತು ಆಮೇಲೆ ನಮ್ಮ ಮನೆಯಲ್ಲಿ ಏಳಲಿಲ್ಲ.

ಟೀಚರಮ್ಮ ವರ್ಗವಾಗಿ ಮಳವಳ್ಳಿಗೆ ಹೋದರು. ಬಹಳ ವರ್ಷಗಳ ಮೇಲೆ ಅಲ್ಲಿಯೇ ತೀರಿಕೊಂಡರು. ಸುದ್ದಿ ತಿಳಿದು ನಾನೂ ಮಗಳೂ ಹೊರಡುವ ಹೊತ್ತಿಗೆ ಮಣ್ಣಾಗಿತ್ತು.

ನನ್ನ ಮಗಳ ಜೀವ ಉಳಿಸಿದವರು ಅವರೆಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಹಾಗೆ ಬರೆಯಲಾರೆ. ಚಾಪೆಯ ಮೇಲೆಯೇ ಬಿದ್ದಿದ್ದರೂ ಅವಳು ಹುಟ್ಟುತ್ತಿದ್ದಳೋ ಏನೋ, ಬಲ್ಲವರಾರು? ಆದರೆ ನನಗೆ ನಿಶ್ಚಯವಾಗಿ ಗೊತ್ತಿರುವುದು ಒಂದಿದೆ. ಅವರು ಬಂದ ಮೇಲಿನ ತಿಂಗಳುಗಳಲ್ಲಿ ನಾನು ಅಪರಾಧಿಯಂತೆ ಸೂರು ನೋಡುತ್ತ ಮಲಗಿರಲಿಲ್ಲ. ಬೆಳಗಿನ ತಂಪಿನಲ್ಲಿ, ಹರಿಯುವ ನೀರಿನ ಪಕ್ಕ, ನನ್ನ ಮಗುವನ್ನು ಹೊತ್ತು ನನ್ನ ಕಾಲ ಮೇಲೆ ನಾನು ನಡೆದೆ. ಅದನ್ನು ಕೊಟ್ಟವರು ಅವರು.