ಕ್ವಾರಿಯ ಸದ್ದು, ಗೋಡೆಯ ಮೇಲಿನ ಉಸಿರು

ಆಗ ನಾನು ಗುಂಡ್ಲುಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಶನಿವಾರ ಚಾಮರಾಜನಗರದ ಅಮ್ಮನ ಮನೆಗೆ ಹೋಗಿ ಸೋಮವಾರ ಬೆಳಿಗ್ಗೆ ವಾಪಸ್ಸಾಗುತ್ತಿದ್ದೆ. ಶಾಲೆಯ ಹಿಂದೆ ಕೆಲಸ ನಿಂತುಹೋದ ಕರಿಕಲ್ಲಿನ ಕ್ವಾರಿಯಿತ್ತು. ಏಳನೇ ತರಗತಿಯ ಹನ್ನೊಂದು ಮಕ್ಕಳು ಸಂಜೆಯ ಸ್ಪೆಷಲ್ ಕ್ಲಾಸು ಮುಗಿಸಿ ಕ್ವಾರಿಯ ಬದಿಯ ಕಾಲುದಾರಿಯಲ್ಲೇ ಮನೆಗೆ ಹೋಗುತ್ತಿದ್ದರು.

ಆ ಚಳಿಗಾಲದಲ್ಲಿ, ಹೊತ್ತು ಮುಳುಗುವ ವೇಳೆಗೆ ಕ್ವಾರಿಯಿಂದ ಒಂದು ಸದ್ದು ಬರತೊಡಗಿತು. ಒಣಮರಕ್ಕೆ ಗರಗಸ ಹಾಕಿ ಎಳೆದಂತೆ ಹತ್ತು ಹನ್ನೆರಡು ಸಲ ಕೇಳಿ ನಿಂತುಬಿಡುತ್ತಿತ್ತು.

"ಯಾರೋ ಸೌದೆ ಕುಯ್ತಾವ್ರೆ ಬುಡಿ ಮೇಡಮ್" ಎಂದರು ಹೆಡ್‌ಮೇಷ್ಟ್ರು.

ಬಿಸಿಯೂಟದ ಅಡುಗೆಯಾಕೆ ಒಪ್ಪಲಿಲ್ಲ. "ಕ್ವಾರೇಲಿ ಕುಯ್ಯಕೆ ಮರ ಎಲ್ಲದೆ? ಬರೀ ಬಂಡೆ. ನೀವು ಅತ್ತಗೆ ಓಗ್ಬ್ಯಾಡಿ ಕಣವ್ವಾ."

ಮಕ್ಕಳ ಪದ್ಯ ರೆಕಾರ್ಡ್ ಮಾಡಲು ಅಣ್ಣ ಕೊಟ್ಟಿದ್ದ ಪುಟ್ಟ ಡಿಜಿಟಲ್ ರೆಕಾರ್ಡರ್ ನನ್ನಲ್ಲಿತ್ತು. ಒಂದು ಶುಕ್ರವಾರ ಸಂಜೆ ಅದನ್ನು ಹಿಂದಿನ ಕಾಂಪೌಂಡ್ ಗೋಡೆಯ ಮೇಲಿಟ್ಟು ಒಳಗೆ ಬಂದೆ. ಸದ್ದು ನಿಂತ ಮೇಲೆ ಹೋಗಿ ತಂದೆ.

ಮರುದಿನ ಚಾಮರಾಜನಗರದ ಸೈಬರ್ ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಮೊದಲು ಗರಗಸದ ಸದ್ದು. ಆಮೇಲೆ ದೂರದಲ್ಲಿ ಲಾರಿಯ ಹಾರ್ನು. ಅದಾದ ಮೇಲೆ, ನನ್ನ ಕಿವಿಯೊಳಗೇ ಎಂಬಂತೆ, ಉಸಿರು. ಯಾವುದೋ ಪ್ರಾಣಿ ರೆಕಾರ್ಡರನ್ನು ಮೂಸುತ್ತಿತ್ತು. ಎರಡು ಸಲ ಮೂಸಿತು. ಮತ್ತೆ ಸ್ವಲ್ಪ ಹೊತ್ತು ಮೌನ, ನಂತರ ಹತ್ತಿರ ಬರುತ್ತಿರುವ ನನ್ನದೇ ಚಪ್ಪಲಿಯ ಸದ್ದು. ಉಸಿರಿಗೂ ಚಪ್ಪಲಿಗೂ ನಡುವೆ ಒಂದು ನಿಮಿಷವೂ ಇರಲಿಲ್ಲ.

ಹಕ್ಕಿ, ಪ್ರಾಣಿಗಳ ಸದ್ದನ್ನು ಹಾಕಿ, ತಿಳಿದವರನ್ನು ಕೇಳುವ ಒಂದು ವೆಬ್‌ಸೈಟು ನನಗೆ ಗೊತ್ತಿತ್ತು. ಆದರೆ ನಾಲ್ಕು ನಿಮಿಷದ ಆ ತುಂಡೇ ನಲವತ್ತು ಎಂಬಿ ಇತ್ತು. ಮೂರು ಸಲ ಕಳಿಸಲು ನೋಡಿದೆ. ಮೂರು ಸಲವೂ ಅರ್ಧದಲ್ಲಿ ಲೈನ್ ಕಡಿಯಿತು.

ಅಂಗಡಿಯವರು ಹಿಂದೆ ಟೈಪಿಂಗ್ ಶಾಲೆ ನಡೆಸಿದ್ದ ಹಿರಿಯರು. "ಇದು ವೇವ್ ಫೈಲು ಮೇಡಮ್, ಮೂಟೆ ಇದ್ದಂಗೆ. ಎಂಪಿತ್ರೀ ಮಾಡ್ಬುಟ್ರೆ ಹತ್ತರಲ್ಲಿ ಒಂದು ಪಾಲಾಯ್ತದೆ" ಎಂದರು.

"ಸದ್ದು ಹಾಳಾಗಲ್ವಾ?"

"ಕಿವಿಗೆ ಅಷ್ಟಾಗಿ ಕೇಳ್ದೆ ಇರೋದ ತೆಗ್ದು ಎಸೀತದೆ, ಅಷ್ಟೇಯ."

ಉಸಿರಿಗಿಂತ ಮೆಲ್ಲನೆಯ ಸದ್ದು ಇನ್ನಾವುದಿದೆ? ಮೊದಲ ಸಲ ತೀರಾ ಚಿಕ್ಕದು ಮಾಡಿದೆವು. ಗರಗಸ ನೀರೊಳಗಿನ ಮೋಟಾರಿನಂತೆ ಕೇಳಿಸಿತು, ಉಸಿರು ಅಳಿಸಿಹೋಗಿತ್ತು. ಅದೊಂದನ್ನೇ ಕೇಳಿದ್ದರೆ ನಾನೂ ಸೌದೆ ಎಂದೇ ಹೇಳುತ್ತಿದ್ದೆ. ಫೈಲನ್ನು ಒತ್ತಿ ಕುಗ್ಗಿಸುವುದನ್ನು ಸಲಸಲಕ್ಕೂ ಕಡಿಮೆ ಮಾಡುತ್ತಾ ಹೋದೆವು. ಐದನೆಯ ಸಲಕ್ಕೆ ಉಸಿರು ಉಳಿಯಿತು. ಅದು ಮತ್ತೆ ಕೇಳಿಸಿದಾಗ ಹೆದರಿಕೆಯ ನಡುವೆಯೂ ಸಮಾಧಾನವಾದದ್ದು ನೆನಪಿದೆ. ಈ ಸಲ ಫೈಲು ಹೋಯಿತು. ಉತ್ತರ ಬಂದರೆ ನೋಡಿ ತಿಳಿಸಲೆಂದು ನನ್ನ ಪಾಸ್‌ವರ್ಡನ್ನೂ ಶಾಲೆಯ ಫೋನ್ ನಂಬರನ್ನೂ ಅಂಗಡಿಯವರಿಗೇ ಬರೆದುಕೊಟ್ಟೆ.

ಸೋಮವಾರ ಹೆಡ್‌ಮೇಷ್ಟ್ರಿಗೆ ಎಲ್ಲವನ್ನೂ ಹೇಳಿ, ಸಂಜೆಯ ಕ್ಲಾಸು ನಿಲ್ಲಿಸೋಣ ಎಂದೆ.

"ಯಂತ್ರದಲ್ಲಿ ಏನೋ ಕೇಳ್ತು ಅಂತ ಕ್ಲಾಸು ನಿಲ್ಸಕಾಯ್ತದಾ? ಮೇಲಿನೋರು ಕೇಳಿದ್ರೆ ಏನನ್ಲಿ?" ಎಂದುಬಿಟ್ಟರು.

ಅಂದು ಕ್ಲಾಸು ಮುಗಿಸಿ ಮಕ್ಕಳನ್ನು ರಸ್ತೆಯ ಸುತ್ತುದಾರಿಯಲ್ಲಿ ನಾನೇ ಕರೆದೊಯ್ದೆ. ಮಂಗಳವಾರವೂ ಹಾಗೇ ಮಾಡಿದೆ.

"ಯಾಕ್ ಮಿಸ್ ಇಷ್ಟು ಸುತ್ತು?" ಎಂದಳೊಬ್ಬಳು.

"ಆ ದಾರೀಲಿ ಮುಳ್ಳು ಬಿದ್ದಿದೆ" ಎಂದೆ. ಹೆಜ್ಜೆ ಹೆಜ್ಜೆಗೂ ತಿರುಗಿ ತಲೆ ಎಣಿಸುತ್ತಿದ್ದೆ. ಒಮ್ಮೆ ಹತ್ತೇ ಸಿಕ್ಕವು. ಹನ್ನೊಂದನೆಯವನು ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದ.

ಬುಧವಾರ ಮಧ್ಯಾಹ್ನ ಸೈಬರ್ ಅಂಗಡಿಯವರ ಫೋನ್ ಬಂತು. "ಚಿರ್ತೆಯಂತೆ ಮೇಡಮ್. ಇಬ್ರು ಬರ್ದವ್ರೆ, ಇಬ್ರೂ ಅದನ್ನೇ ಹೇಳ್ತಾವ್ರೆ. ಆ ಉಸಿರೂ ಅದರದ್ದೇ ಅಂತೆ. ಮಕ್ಕಳ ಆ ಕಡೆ ಬುಡಬ್ಯಾಡಿ ಅಂತ ಬರ್ದವ್ರೆ."

ನಾನು ರಿಸೀವರನ್ನು ಹೆಡ್‌ಮೇಷ್ಟ್ರ ಕೈಗೆ ಕೊಟ್ಟೆ. ಅವರು ಕೇಳುತ್ತ ಕೇಳುತ್ತ ಕುರ್ಚಿ ಎಳೆದುಕೊಂಡು ಕುಳಿತರು. ಅಂದೇ ಸ್ಪೆಷಲ್ ಕ್ಲಾಸು ಬೆಳಗಿನ ಹೊತ್ತಿಗೆ ಬದಲಾಯಿತು. ಮರುದಿನ ಅರಣ್ಯ ಇಲಾಖೆಯವರು ಬಂದರು. ಕಾಂಪೌಂಡಿನ ಆಚೆಯ ಮಣ್ಣಿನಲ್ಲಿ ಹೆಜ್ಜೆಗಳಿದ್ದವು. ಗೋಡೆಯ ಸುಣ್ಣದ ಮೇಲೆ, ನನ್ನ ಭುಜದ ಎತ್ತರಕ್ಕೆ, ಉಗುರಿನ ಗೀರುಗಳಿದ್ದವು.

ಒಂದು ತಿಂಗಳು ಬೋನು ಇಟ್ಟಿದ್ದರು, ಚಿರತೆ ಬೀಳಲಿಲ್ಲ. ಬೇಸಿಗೆ ಕಾಲಿಡುವ ಹೊತ್ತಿಗೆ ಸದ್ದು ತಾನಾಗಿ ನಿಂತಿತು. ಮಕ್ಕಳಿಗೆ ಏನೂ ಆಗಲಿಲ್ಲ. ಮುಂದಿನ ವರ್ಷ ನನಗೆ ವರ್ಗವಾದಾಗ ಹೆಡ್‌ಮೇಷ್ಟ್ರು ಬಸ್ಸಿನವರೆಗೂ ಬಂದು, "ಅವತ್ತು ಸೋಮವಾರವೇ ನಿಮ್ಮ ಮಾತ ಕೇಳ್ಬೇಕಾಗಿತ್ತು" ಎಂದರು. ನನಗೆ ಅವರ ಮೇಲೆ ಸಿಟ್ಟಿರಲಿಲ್ಲ. ಅಮ್ಮನಿಗೆ ಮಾತ್ರ ಈ ವಿಷಯ ಇವತ್ತಿಗೂ ಹೇಳಿಲ್ಲ.