ಟ್ರೇಡ್ ಆದ ದಿನದಿಂದ ಒಂದು ವರ್ಷ

ಆ ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ಉಪ್ಪಿಟ್ಟಿಗೆ ಉಪ್ಪು ಹಾಕುವುದನ್ನು ಮರೆತಳು. ಫೋನ್ ಹಿಡಿದು ಒಲೆಯ ಮುಂದೆ ನಿಂತಿದ್ದಳು. ಏನಾಯಿತೆಂದು ಕೇಳಿದೆ.

"ನಮ್ಮಂವನ್ನ ಟ್ರೇಡ್ ಮಾಡಿಬಿಟ್ರು," ಎಂದಳು.

ಅವಳು ಬಾಂದ್ರಾದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಧಾರವಾಡದಲ್ಲಿ ಕಾಲೇಜಿಗೆ ಹೋಗುವಾಗ ಬ್ಯಾಸ್ಕೆಟ್‌ಬಾಲ್ ಆಡಿದವಳು. ಅಮೆರಿಕದ ಪಂದ್ಯಗಳು ನಮಗೆ ಬೆಳಗಿನ ಹೊತ್ತು ಬರುತ್ತವೆ. ಒಗ್ಗರಣೆ ಹಾಕುತ್ತ ನೋಡುತ್ತಿದ್ದಳು. 'ನಮ್ಮಂವಾ' ಅಂದರೆ ಹನ್ನೊಂದು ವರ್ಷ ಒಂದೇ ತಂಡಕ್ಕೆ ಆಡಿದ ಒಬ್ಬ ಆಟಗಾರ.

ಮುಲುಂಡ್ ಸ್ಟೇಷನ್ನಿಗೆ ನಡೆಯುವಾಗಲೂ ಅದೇ ಮಾತು.

"ಅವನ್ನ ಒಂದು ಮಾತು ಕೇಳಲಿಲ್ಲೇನು?" ಎಂದೆ.

"ಯಾರ ಕೇಳ್ತಾರ? ಕರಾರು ತಂಡದ ಕೈಯಾಗ ಇರ್ತದ. ಕರಾರು ಸಮೇತ ಎತ್ತಿ ಇನ್ನೊಬ್ರಿಗೆ ಕೊಡ್ತಾರ. ದೊಡ್ಡ ಪಗಾರದವನ್ನ ತರಬೇಕಂದ್ರ ಈ ಕಡೆಯಿಂದನೂ ಹತ್ತಿರ ಹತ್ತಿರ ಅಷ್ಟ ಪಗಾರ ಹೋಗಬೇಕು. ಇಂವಾ ತಕ್ಕಡಿ ಸರಿ ಮಾಡ್ಲಿಕ್ಕೆ ಹಾಕಿದ ಕಲ್ಲು."

"ಹೊಸ ತಂಡದಾಗ ಆಡ್ತಾನಲ್ಲ."

"ಈ ಮುದುಕನ್ನ ಇಟ್ಕೊಂಡು ಅವ್ರೇನು ಮಾಡ್ತಾರ? ಬಾಯ್‌ಔಟ್ ಮಾಡ್ತಾರ ನೋಡ್ರಿ. ಉಳಿದ ಪಗಾರದಾಗ ಇಂವಾ ಒಂದಿಷ್ಟು ಬಿಟ್ಟುಕೊಡ್ತಾನ, ಅವ್ರು ಇಂವನ್ನ ಬಿಟ್ಟುಬಿಡ್ತಾರ. ಎರಡು ದಿನ ಬ್ಯಾರೆ ತಂಡ ಯಾವುದೂ ಕೈ ಹಾಕ್ಲಿಲ್ಲ ಅಂದ್ರ, ಎಲ್ಲಿ ಬೇಕಲ್ಲಿ ಹೋಗಬಹುದು."

"ಹಂಗಾದ್ರ ಸೀದಾ ಹಳೇ ಮನಿಗೆ ಬರ್ತಾನ."

"ಅಲ್ಲೇ ಅದ ನೋಡ್ರಿ ಫಜೀತಿ. ಅಲ್ಲಿಗೊಂದು ಬರೋಹಂಗಿಲ್ಲ. ಟ್ರೇಡ್ ಆದ ದಿನದಿಂದ ಒಂದು ವರ್ಷ. ಆಮ್ಯಾಲೆ ಒಂದ ಸಲ ಆ ಜರ್ಸಿಯೊಳಗ ನೋಡಿದ್ರ ಸಾಕು ನನಗ."

"ಒಂದು ವರ್ಷ ಯಾಕ?"

ಲೋಕಲ್ ಬಂತು. "ಸಂಜಿಗೆ ಹೇಳ್ತೀನಿ. ಸಾವಕಾಶ ಹತ್ರಿ, ಕಾಲು ಮುರಕೊಂಡ್ರ ನಿಮ್ಮನ್ನ ಟ್ರೇಡ್‌ನಾಗೂ ಯಾರೂ ತೊಗೊಳಂಗಿಲ್ಲ," ಎಂದು ಲೇಡೀಸ್ ಡಬ್ಬಿಯ ಕಡೆಗೆ ಓಡಿದಳು.

ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಮೈದಾನದಲ್ಲಿ ಕುಸಿದಳಂತೆ. ಭಾಂಡುಪ್‌ನ ನನ್ನ ಆಫೀಸಿನಿಂದ ಬಾಂದ್ರಾ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಾದರ್‌ನಲ್ಲಿ ಗಾಡಿ ಬದಲಿಸುವಾಗ ಸೇತುವೆಯ ಮೇಲೆ ಜನ ಎಡಗಡೆಯಿಂದ ನಡೆಯುತ್ತಿದ್ದರು. ನಾನೂ ಎಡಗಡೆಯಿಂದಲೇ ನಡೆದೆ. ಅದಷ್ಟು ನೆನಪಿದೆ.

ಹದಿಮೂರು ದಿನ ಕಳೆದ ಮೇಲೆ ಅವಳ ಫೋನ್ ಚಾರ್ಜಿಗೆ ಹಾಕಿದೆ. ಬಾಯ್‌ಔಟ್ ಆಗಿತ್ತು, ಅವಳು ಹೇಳಿದ ಹಾಗೆಯೇ. ಅವನು ಮತ್ತೊಂದು ತಂಡ ಸೇರಿದ್ದ. ಆ ಸೀಸನ್ ಮುಗಿಯಿತು. ಮುಂದಿನ ಸೀಸನ್ನಿಗೆ ಅವನನ್ನು ಯಾರೂ ಕರೆಯಲಿಲ್ಲ. ನಾನು ದಿನಾ ಬೆಳಿಗ್ಗೆ ಹಾಲು ಒಳಗೆ ತಂದು, ಫೋನಿನಲ್ಲಿ ಅವನ ಹೆಸರು ಹುಡುಕುತ್ತಿದ್ದೆ. ಆಟದಲ್ಲಿ ನನಗೆ ಆಸಕ್ತಿ ಹುಟ್ಟಿರಲಿಲ್ಲ. ಅವಳು ಕಾಯಬೇಕಾಗಿದ್ದದ್ದನ್ನು ಯಾರಾದರೂ ಕಾಯಬೇಕಿತ್ತು.

ವರ್ಷಾಂತಿಕದ ದಿನ ಭಟ್ಟರು ಬರುವ ಮೊದಲೇ ನೋಡಿದೆ. ಸುದ್ದಿ ಇರಲಿಲ್ಲ. ಪಿಂಡ ಇಟ್ಟೆ. ಊಟವಾದ ಮೇಲೆ ಮತ್ತೆ ನೋಡಿದೆ.

"ಕ್ಯಾ ದೇಖ್ ರಹೇ ಹೋ, ಅಪ್ಪಾ?" ಎಂದಳು ಮಗಳು.

ವರ್ಷ ತುಂಬಿತು, ಇವತ್ತು ಅವನು ಬರಬಹುದಿತ್ತು ಎಂದೆ. ಅವಳು ನಗಲು ಹೋಗಿ ನಿಲ್ಲಿಸಿದಳು.

"ಅಪ್ಪಾ, ಅವರು ತಿಥಿ ನೋಡಲ್ಲ. ಡೇಟ್ ನೋಡ್ತಾರೆ. ಇನ್ನೂ ಹನ್ನೊಂದು ದಿನ ಇದೆ ನಾ."

ಪಂಚಾಂಗ ಹಿಡಿದು ಎಣಿಸಿದ್ದೆ. ಹೆಂಡತಿ ಹೋದದ್ದೂ ಅವನ ಟ್ರೇಡ್ ಗೊತ್ತಾದದ್ದೂ ಒಂದೇ ದಿನವಾದ್ದರಿಂದ ಎರಡರ ವರ್ಷದ ಲೆಕ್ಕ ಬೇರೆ ಬೇರೆ ಎಂದು ಹೊಳೆದಿರಲಿಲ್ಲ. ನಿಯಮ ಯಾಕಿದೆ ಎಂದೂ ಮಗಳನ್ನೇ ಕೇಳಿದೆ.

"ಇಲ್ಲಾಂದ್ರೆ ಚೀಟಿಂಗ್ ಆಗ್ತದೆ. ಇವರು ಕೊಡೋದು, ಅವರು ಬಿಡೋದು, ಫಿರ್ ವಾಪಸ್ ಇಲ್ಲೇ ಬರೋದು. ಸಿರ್ಫ್ ದಿಖಾನೇ ಕಾ ಟ್ರೇಡ್, ಬರೀ ತೋರಿಕೆಗೆ."

ಅಷ್ಟೇ. ಮುಲುಂಡ್ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಇನ್ನೊಂದು ನಿಮಿಷ ತಡವಾಗಿದ್ದರೂ ಹೇಳಿ ಮುಗಿಯುತ್ತಿತ್ತು.

ಹನ್ನೊಂದು ದಿನಗಳಾದವು. ಮತ್ತೊಂದು ವಾರಕ್ಕೆ ಹಳೆಯ ತಂಡ ಅವನನ್ನು ಹತ್ತು ದಿನದ ಕರಾರಿನ ಮೇಲೆ ಕರೆಯಿತು. ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಇಟ್ಟುಕೊಂಡು ನೋಡಿದೆ. ಕೊನೆಯಲ್ಲಿ ನಾಲ್ಕು ನಿಮಿಷ ಆಡಿಸಿದರು. ಜನ ಎದ್ದು ನಿಂತರು. ಒಂದು ಎಸೆತ ಎಸೆದ, ಬುಟ್ಟಿಗೆ ಬೀಳಲಿಲ್ಲ.

ಪಂದ್ಯ ಮುಗಿಯಿತು. ಫೋನ್ ಆರಿಸಿ ಆಫೀಸಿಗೆ ಹೊರಟೆ. ನೋಡಬೇಕೆಂದಿದ್ದವಳು ಇಲ್ಲ.